ಅಳಿಸಿ ಬರೆಯುವ ಅಧಿಕಾರ ಯಾರಿಗೆ? ಫಂಕ್ಷನಲ್ ಪ್ರೋಗ್ರಾಮಿಂಗ್ ಮತ್ತೆ ಸುದ್ದಿಯಲ್ಲಿರುವುದರ ಹಿಂದಿನ ಪ್ರಶ್ನೆ

2025ರ ಆಗಸ್ಟ್‌ನಲ್ಲಿ ಯುಪಿಐ ಮೊದಲ ಬಾರಿಗೆ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟಿನ ಗಡಿ ದಾಟಿತು. ಹಗಲು, ರಾತ್ರಿ ಎಲ್ಲ ಸೇರಿಸಿ ಸರಾಸರಿ ತೆಗೆದರೂ ಸೆಕೆಂಡಿಗೆ 7,000ಕ್ಕೂ ಹೆಚ್ಚು. ಸರ್ಕಾರ ಇದನ್ನು ಸಾಧನೆ ಅಂತ ಹೇಳಿಕೊಳ್ಳುತ್ತದೆ, ಹೇಳಿಕೊಳ್ಳಲಿ. ಆದರೆ ಇಷ್ಟು ದೊಡ್ಡ ಸಂಖ್ಯೆಯ ಒಳಗೆ ಒಂದು ಸಣ್ಣ ಪ್ರಶ್ನೆ ಅಡಗಿ ಕೂತಿದೆ. ಒಂದೇ ಲೆಕ್ಕದ ಮೇಲೆ, ಒಂದೇ ಕ್ಷಣದಲ್ಲಿ, ಎರಡು ಕಡೆಯಿಂದ ಕೈ ಬಿದ್ದರೆ ಏನಾಗುತ್ತದೆ?

ಕಂಪ್ಯೂಟರ್ ಜಗತ್ತಿನಲ್ಲಿ ಈ ಪ್ರಶ್ನೆಗೆ ಕನ್ಕರೆನ್ಸಿ ಅಂತ ಹೆಸರು. ಹಲವು ಕೆಲಸಗಳು ಒಟ್ಟೊಟ್ಟಿಗೆ, ಒಂದರ ಹಾದಿಯಲ್ಲಿ ಇನ್ನೊಂದು ಅಡ್ಡ ಬರುತ್ತಾ ನಡೆಯುವ ಸ್ಥಿತಿ. ಈ ಸಮಸ್ಯೆಗೆ ಉತ್ತರ ಹುಡುಕುತ್ತಾ ಹೋದವರು ಕಳೆದ ಎರಡು ದಶಕಗಳಲ್ಲಿ ಒಂದು ಹಳೆಯ ವಿಚಾರದ ಬಾಗಿಲನ್ನು ಮತ್ತೆ ತಟ್ಟುತ್ತಿದ್ದಾರೆ: ಫಂಕ್ಷನಲ್ ಪ್ರೋಗ್ರಾಮಿಂಗ್. ಒಂದು ಕಾಲಕ್ಕೆ ವಿಶ್ವವಿದ್ಯಾಲಯಗಳ ಗಣಿತಪ್ರಿಯರ ಹವ್ಯಾಸ ಎನಿಸಿಕೊಂಡಿದ್ದದ್ದು ಇವತ್ತು ನಿಮ್ಮ ವಾಟ್ಸ್‌ಆ್ಯಪ್ ಮೆಸೇಜಿನ ಹಿಂದೆಯೂ ಇದೆ, ಬೆಂಗಳೂರಿನ ಆಟೋ ಆ್ಯಪ್‌ನ ಹಿಂದೆಯೂ ಇದೆ.

'ಇದು ಸಾಫ್ಟ್‌ವೇರ್‌ನವರ ವಿಷಯ, ನಮಗ್ಯಾಕೆ?' ಅಂತ ಕೇಳಬಹುದು. ಎಲ್ಲರಿಗೂ ಸೇರಿದ ಒಂದು ದಾಖಲೆಯನ್ನು ಯಾರು, ಯಾವಾಗ, ಹೇಗೆ ಬದಲಾಯಿಸಬಹುದು, ಬದಲಾಯಿಸಿದ್ದಕ್ಕೆ ಗುರುತು ಉಳಿಯುತ್ತದೆಯೇ ಎಂಬುದು ಇಲ್ಲಿನ ಮೂಲ ಪ್ರಶ್ನೆ. ಅದು ಬರೀ ತಂತ್ರಜ್ಞಾನದ ಪ್ರಶ್ನೆ ಅಲ್ಲವೇ ಅಲ್ಲ.

ಕಳ್ಳನೂ ಇಲ್ಲ, ಹ್ಯಾಕರೂ ಇಲ್ಲ

ಒಂದು ಖಾತೆಯಲ್ಲಿ 1,000 ರೂಪಾಯಿ ಇದೆ ಅಂದುಕೊಳ್ಳಿ. ಒಂದು ಕಡೆಯಿಂದ 500 ರೂಪಾಯಿ ಕೂಲಿ ಜಮಾ ಆಗುತ್ತಿದೆ, ಇನ್ನೊಂದು ಕಡೆಯಿಂದ 200 ರೂಪಾಯಿ ಗ್ಯಾಸ್ ಸಬ್ಸಿಡಿ. ಎರಡು ಪ್ರೋಗ್ರಾಮ್‌ಗಳು ಒಂದೇ ಕ್ಷಣದಲ್ಲಿ ಖಾತೆ ತೆರೆದು ನೋಡುತ್ತವೆ. ಎರಡಕ್ಕೂ ಕಾಣುವುದು 1,000. ಮೊದಲನೆಯದು 500 ಕೂಡಿಸಿ 1,500 ಎಂದು ಬರೆಯುತ್ತದೆ. ಎರಡನೆಯದು, ತಾನು ಮೊದಲೇ ಓದಿಕೊಂಡಿದ್ದ 1,000ಕ್ಕೆ 200 ಕೂಡಿಸಿ, 1,200 ಎಂದು ಅದರ ಮೇಲೆಯೇ ಬರೆದುಬಿಡುತ್ತದೆ. ಕೂಲಿಯ 500 ರೂಪಾಯಿ ಮಾಯ. ಕದ್ದವರಿಲ್ಲ. ಎರಡೂ ಪ್ರೋಗ್ರಾಮ್‌ಗಳು ತಮ್ಮ ಕೂಡಿಕೆಯನ್ನು ಸರಿಯಾಗಿಯೇ ಮಾಡಿವೆ. ತಪ್ಪಿರುವುದು ಅವುಗಳ ನಡುವಿನ ಕ್ಷಣದಲ್ಲಿ.

ಇದಕ್ಕೆ ರೇಸ್ ಕಂಡೀಶನ್ ಎನ್ನುತ್ತಾರೆ. ಬ್ಯಾಂಕಿನ ಡೇಟಾಬೇಸ್‌ಗಳು ಇಷ್ಟು ಸರಳವಾದ ತಪ್ಪಿಗೆ ದಶಕಗಳ ಹಿಂದೆಯೇ ತಡೆ ಹಾಕಿಕೊಂಡಿವೆ, ಭಯ ಬೇಡ. ಆದರೆ ಇವತ್ತಿನ ಒಂದು ವ್ಯವಹಾರ ಒಂದೇ ಡೇಟಾಬೇಸ್‌ನಲ್ಲಿ ಮುಗಿಯುವುದಿಲ್ಲ. ಫೋನು, ಆ್ಯಪ್, ಎರಡು ಬ್ಯಾಂಕು, ಮಧ್ಯದ ಸ್ವಿಚ್ಚು, ಅದರೊಳಗೆ ನೂರಾರು ಸರ್ವರ್‌ಗಳನ್ನು ದಾಟಿ ಹೋಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಇಂಥ ಒಂದು ಕ್ಷಣ ಕಾದು ಕೂತಿರುತ್ತದೆ.

ಸಾಂಪ್ರದಾಯಿಕ ಪರಿಹಾರ ಬೀಗ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾಯಬೇಕು. ಕೇಳೋಕೆ ಸುಲಭ. ಆದರೆ ಒಂದು ಕಡೆ ಬೀಗ ಹಾಕಲು ಮರೆತರೂ ಲೆಕ್ಕ ಕೆಡುತ್ತದೆ; ಎಲ್ಲ ಕಡೆ ಹಾಕಿದರೆ ಕೆಲಸ ತೆವಳುತ್ತದೆ; ಹಾಕುವ ಕ್ರಮ ತಪ್ಪಿದರೆ ಘಾಟಿಯ ಕಿರಿದಾದ ತಿರುವಿನಲ್ಲಿ ಎದುರುಬದುರಾದ ಎರಡು ಬಸ್ಸುಗಳ ಹಾಗೆ ಎರಡೂ ನಿಂತುಬಿಡುತ್ತವೆ. ಇಂಜಿನಿಯರಿಂಗ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಓದಿದವರಿಗೆ ಡೆಡ್‌ಲಾಕ್ ಎಂಬ ಪದ ನೆನಪಿರುತ್ತದೆ. ಬಹುಪಾಲು ಜನರಿಗೆ ಅದು ಪರೀಕ್ಷೆಯ ಹತ್ತು ಮಾರ್ಕಿನ ಪ್ರಶ್ನೆಯಾಗಿ ಮಾತ್ರ ನೆನಪಿರುತ್ತದೆ.

ಪರೀಕ್ಷೆಯ ಹೊರಗೆ ಅದರ ಬೆಲೆ ಏನು ಅನ್ನುವುದಕ್ಕೆ 2003ರ ಆಗಸ್ಟ್ 14ನ್ನು ನೋಡಬೇಕು. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೋದಲ್ಲಿ ಅವತ್ತು ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಒಹಾಯೋದ ಫಸ್ಟ್‌ಎನರ್ಜಿ ಕಂಪನಿಯ ತಂತಿಗಳಿಗೆ ಮರಗಳು ತಗುಲಿದ್ದು ಒಂದು ಕಾರಣ. ಆದರೆ ನಿಯಂತ್ರಣ ಕೊಠಡಿಯಲ್ಲಿ ಇದ್ದವರಿಗೆ ಒಂದು ಗಂಟೆಗೂ ಹೆಚ್ಚು ಕಾಲ ಅದು ಗೊತ್ತೇ ಆಗಲಿಲ್ಲ, ಏಕೆಂದರೆ ಎಚ್ಚರಿಕೆಯ ಗಂಟೆ ಹೊಡೆಯಬೇಕಿದ್ದ ಸಾಫ್ಟ್‌ವೇರ್ ಸದ್ದಿಲ್ಲದೆ ಸತ್ತುಹೋಗಿತ್ತು. ವಾರಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು ಒಂದು ರೇಸ್ ಕಂಡೀಶನ್. ಒಂದೇ ಡೇಟಾದ ಮೇಲೆ ಎರಡು ಪ್ರಕ್ರಿಯೆಗಳಿಗೆ ಒಂದೇ ಸಲ ಬರೆಯುವ ಅವಕಾಶ ಸಿಕ್ಕಿ, ಅಲಾರಂ ಪ್ರೋಗ್ರಾಮ್ ಮುಗಿಯದ ಸುತ್ತಿಗೆ ಸಿಲುಕಿತ್ತು. ಅದನ್ನು ತಯಾರಿಸಿದ್ದ ಜನರಲ್ ಎಲೆಕ್ಟ್ರಿಕ್ ಹೇಳಿದ ಪ್ರಕಾರ, 30 ಲಕ್ಷ ಗಂಟೆಗೂ ಹೆಚ್ಚಿನ ಬಳಕೆಯಲ್ಲಿ ಆ ದೋಷ ಒಮ್ಮೆಯೂ ತಲೆ ಎತ್ತಿರಲಿಲ್ಲ.

ಈ ಜಾತಿಯ ತಪ್ಪುಗಳ ಸ್ವಭಾವವೇ ಇದು. ಟೆಸ್ಟಿಂಗ್‌ನಲ್ಲಿ ಸಿಗುವುದಿಲ್ಲ. ಹೊರೆ ಹೆಚ್ಚಾದ ದಿನ, ಎಲ್ಲಕ್ಕಿಂತ ಬೇಕಾದ ದಿನವೇ ಬರುತ್ತವೆ.

ಪುಕ್ಕಟೆ ಊಟ ಮುಗಿದಿದ್ದು

ಹಾಗಾದರೆ ಈ ತಲೆನೋವು ಈಗೇಕೆ ಹೆಚ್ಚಾಯಿತು? ಉತ್ತರ ಚಿಪ್‌ಗಳಲ್ಲಿದೆ.

ತೊಂಬತ್ತರ ದಶಕದಲ್ಲಿ ಪ್ರೊಸೆಸರ್‌ನ ವೇಗ ವರ್ಷವರ್ಷವೂ ಏರುತ್ತಿತ್ತು. ಸಾಫ್ಟ್‌ವೇರ್ ನಿಧಾನ ಅನ್ನಿಸಿದರೆ ಹೊಸ ಕಂಪ್ಯೂಟರ್ ಬರುವವರೆಗೆ ಕಾದರೆ ಸಾಕಿತ್ತು. ಸುಮಾರು 2004ರ ಹೊತ್ತಿಗೆ ಆ ಏರಿಕೆಗೆ ಬಿಸಿಯ ಗೋಡೆ ಅಡ್ಡ ಬಂತು. ವೇಗ ಹೆಚ್ಚಿಸಿದಷ್ಟೂ ಚಿಪ್ ಸುಡುತ್ತಿತ್ತು. ಆ ವರ್ಷ ಇಂಟೆಲ್ ತನ್ನ ಮುಂದಿನ ಪೀಳಿಗೆಯ ವೇಗದ ಚಿಪ್ ಯೋಜನೆಯನ್ನೇ ಕೈಬಿಟ್ಟು, ಒಂದೇ ಚಿಪ್‌ನಲ್ಲಿ ಹಲವು ಕೋರ್ ಕೂರಿಸುವ ದಾರಿ ಹಿಡಿಯಿತು. ಒಂದು ಎತ್ತಿನ ಬಲ ಹೆಚ್ಚಿಸಲು ಆಗದಿದ್ದಾಗ ನಾಲ್ಕು ಎತ್ತು ಕಟ್ಟಿದ ಹಾಗೆ. 2005ರಲ್ಲಿ ಹರ್ಬ್ ಸಟ್ಟರ್ ಎಂಬ ತಜ್ಞರು ಇದನ್ನೇ 'ಪುಕ್ಕಟೆ ಊಟ ಮುಗಿಯಿತು' ಎಂಬರ್ಥದ ಶೀರ್ಷಿಕೆಯ ಲೇಖನದಲ್ಲಿ ಬರೆದರು. ಇನ್ನು ಮುಂದೆ ವೇಗ ಬೇಕಿದ್ದರೆ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಲು ಪ್ರೋಗ್ರಾಮರ್‌ಗಳೇ ಕಲಿಯಬೇಕು ಎಂಬುದು ಅವರ ಮಾತಿನ ಸಾರ.

ಅಂದರೆ, ಅಲ್ಲಿಯವರೆಗೆ ಟೆಲಿಫೋನ್ ಎಕ್ಸ್‌ಚೇಂಜ್, ಬ್ಯಾಂಕು, ವಿಮಾನ ಬುಕಿಂಗ್‌ನಂಥ ದೊಡ್ಡ ವ್ಯವಸ್ಥೆಗಳ ಕಾಯಿಲೆಯಾಗಿದ್ದ ಕನ್ಕರೆನ್ಸಿ, ಆಮೇಲೆ ನಮ್ಮ ಜೇಬಿನ ಫೋನಿಗೂ ಬಂತು. ಹಂಚಿಕೊಂಡ ಡೇಟಾಗೆ ಬೀಗ ಹಾಕುವ ಹಳೆಯ ಪದ್ಧತಿ ಅಷ್ಟು ದೊಡ್ಡ ಜಾತ್ರೆಯನ್ನು ತಡೆದುಕೊಳ್ಳಲಿಲ್ಲ.

'ಮ್ಯುಟೇಶನ್' ಎಂಬ ಪರಿಚಿತ ಪದ

ಫಂಕ್ಷನಲ್ ಪ್ರೋಗ್ರಾಮಿಂಗ್ ಈ ಸಮಸ್ಯೆಯ ಬುಡಕ್ಕೇ ಕೈ ಹಾಕುತ್ತದೆ. ಇಬ್ಬರು ಒಂದೇ ಜಾಗದಲ್ಲಿ ಅಳಿಸಿ ಬರೆಯುವುದರಿಂದ ತಾನೇ ತೊಂದರೆ? ಹಾಗಾದರೆ ಅಳಿಸುವುದನ್ನೇ ಬಿಡೋಣ. ಒಮ್ಮೆ ಹುಟ್ಟಿದ ಡೇಟಾ ಬದಲಾಗುವುದಿಲ್ಲ. ಬದಲಾವಣೆ ಬೇಕಿದ್ದರೆ ಹಳೆಯದನ್ನು ಹಾಗೇ ಇಟ್ಟು ಹೊಸದನ್ನು ಮಾಡಬೇಕು. ಬದಲಾಗದ ವಸ್ತುವನ್ನು ಸಾವಿರ ಜನ ಒಟ್ಟಿಗೆ ಓದಿದರೂ ಜಗಳವಿಲ್ಲ, ಬೀಗ ಬೇಕಿಲ್ಲ.

ಸ್ಲೇಟಿಗೂ ಖಾತೆ ಪುಸ್ತಕಕ್ಕೂ ಇರುವ ವ್ಯತ್ಯಾಸ ಇದು. ಸ್ಲೇಟಿನಲ್ಲಿ ಕೊನೆಯ ಮೊತ್ತ ಮಾತ್ರ ಇರುತ್ತದೆ; ಅದು ಹೇಗೆ ಬಂತು ಅಂತ ಕೇಳಿದರೆ ಉತ್ತರವಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹಳೆಯ ಸಾಲನ್ನು ಯಾರೂ ಅಳಿಸುವುದಿಲ್ಲ, ಕೆಳಗೆ ಹೊಸ ಸಾಲು ಸೇರಿಸುತ್ತಾರೆ.

ಕುತೂಹಲದ ವಿಷಯ ಏನೆಂದರೆ, ಇರುವ ಡೇಟಾವನ್ನು ಇದ್ದಲ್ಲೇ ಬದಲಾಯಿಸುವುದಕ್ಕೆ ಪ್ರೋಗ್ರಾಮರ್‌ಗಳು ಬಳಸುವ ಪದ ಮ್ಯುಟೇಶನ್. ಕರ್ನಾಟಕದ ಯಾವುದೇ ರೈತರ ಮನೆಯಲ್ಲಿ ಈ ಪದ ಕೇಳಿ, ತಕ್ಷಣ ಅರ್ಥ ಹೇಳುತ್ತಾರೆ. ಜಮೀನಿನ ಹಕ್ಕು ಬದಲಾವಣೆ, ಎಂ.ಆರ್. ನಂಬರು, ನಾಡಕಚೇರಿಗೆ ಅಲೆದಾಟ. ಪಹಣಿಯಲ್ಲಿ ಹೆಸರು ಬದಲಾಗಬೇಕಾದರೆ ಯಾವ ಆಧಾರದ ಮೇಲೆ ಎಂಬುದಕ್ಕೆ ಮ್ಯುಟೇಶನ್ ದಾಖಲೆ ಇರಬೇಕು, ಆಕ್ಷೇಪಣೆಗೆ ಅವಕಾಶ ಇರಬೇಕು. ಸುಮ್ಮನೆ ಹಳೆಯ ಹೆಸರು ಅಳಿಸಿ ಹೊಸ ಹೆಸರು ಬರೆಯಲು ಬಿಟ್ಟರೆ ಏನಾಗುತ್ತದೆ ಅಂತ ನಮ್ಮ ಹಳ್ಳಿಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಗುರುತಿಲ್ಲದ ಬದಲಾವಣೆ ಬಲ ಇದ್ದವರ ಪರವಾಗಿಯೇ ಇರುತ್ತದೆ. ಕಂದಾಯ ದಾಖಲೆಯಲ್ಲಿ ಗೊತ್ತಿದ್ದ ಈ ವಿವೇಕವನ್ನು ಪ್ರೋಗ್ರಾಮಿಂಗ್ ಬಹಳ ಕಾಲ ಪಕ್ಕಕ್ಕಿಟ್ಟಿತ್ತು.

ಪಕ್ಕಕ್ಕಿಟ್ಟಿತ್ತು ಅನ್ನುವುದಕ್ಕೆ ಕಾರಣವಿದೆ. ಈ ವಿಚಾರದ ಬೇರು 1930ರ ದಶಕದಲ್ಲಿ ಅಲೋಂಜೋ ಚರ್ಚ್ ಕಟ್ಟಿದ ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿದೆ. ಅದರಿಂದ ಸ್ಫೂರ್ತಿ ಪಡೆದ ಲಿಸ್ಪ್ ಭಾಷೆಯನ್ನು 1958ರಲ್ಲೇ ಜಾನ್ ಮೆಕಾರ್ಥಿ ರೂಪಿಸಿದ್ದರು. ಫೋರ್ಟ್ರಾನ್ ಭಾಷೆಯನ್ನು ಸೃಷ್ಟಿಸಿದ ಜಾನ್ ಬ್ಯಾಕಸ್, 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುತ್ತಾ ಮಾಡಿದ ಭಾಷಣದಲ್ಲಿ, ಒಂದೊಂದೇ ಡಬ್ಬಿಯ ಮೌಲ್ಯ ಬದಲಾಯಿಸುತ್ತಾ ಹೋಗುವ ಶೈಲಿಯಿಂದ ಪ್ರೋಗ್ರಾಮಿಂಗ್‌ಗೆ ಬಿಡುಗಡೆ ಬೇಕು ಎಂದು ವಾದಿಸಿದ್ದರು. ಆ ಶೈಲಿಯನ್ನು ಜಗತ್ತಿಗೆ ಹಂಚಿದವರಲ್ಲಿ ಅವರೇ ಮೊದಲಿಗರು! ಆದರೆ ಆಗ ಯಂತ್ರಗಳು ಸಣ್ಣವು, ಮೆಮೊರಿ ದುಬಾರಿ. ಪ್ರತಿ ಬದಲಾವಣೆಗೂ ಹೊಸ ಪ್ರತಿ ಮಾಡುವುದು ಐಷಾರಾಮ ಎನಿಸಿತ್ತು. ಈಗ ಮೆಮೊರಿ ಅಗ್ಗ, ಗೊಂದಲ ದುಬಾರಿ. ಲೆಕ್ಕಾಚಾರ ತಿರುಗಿದ್ದು ಹೀಗೆ.

ಕಂಪನಿಯೇ ನಿಷೇಧಿಸಿದ ಭಾಷೆ

ಈ ವಿಚಾರ ನೆಲಕ್ಕಿಳಿದ ಕಥೆಯಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಗೆ ವಿಶೇಷ ಜಾಗವಿದೆ. 1986ರ ಆಸುಪಾಸಿನಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಅಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಎರ್ಲಾಂಗ್ ಎಂಬ ಭಾಷೆ ಕಟ್ಟತೊಡಗಿದರು. ಎಕ್ಸ್‌ಚೇಂಜ್‌ನಲ್ಲಿ ಸಾವಿರಾರು ಕರೆ ಒಟ್ಟಿಗೆ ನಡೆಯಬೇಕು, ಒಂದು ಕರೆ ಕೆಟ್ಟರೆ ಉಳಿದವು ಕೆಡಬಾರದು. ಅವರ ಉತ್ತರ ಇದು: ಪ್ರತಿ ಕರೆಗೂ ಒಂದು ಪುಟ್ಟ ಪ್ರೊಸೆಸ್. ಯಾವ ಪ್ರೊಸೆಸ್ಸೂ ಇನ್ನೊಂದರ ಡೇಟಾ ಮುಟ್ಟುವಂತಿಲ್ಲ, ಏನಿದ್ದರೂ ಸಂದೇಶ ಕಳಿಸಿ ಕೇಳಬೇಕು. ಒಂದು ಕೆಟ್ಟರೆ ಸಾಯಲಿ. ಅದನ್ನು ಗಮನಿಸುತ್ತಿರುವ ಮೇಲ್ವಿಚಾರಕ ಪ್ರೊಸೆಸ್ ಹೊಸದನ್ನು ಎಬ್ಬಿಸುತ್ತದೆ. ತಪ್ಪು ಆಗುವುದೇ ಇಲ್ಲ ಎಂಬ ಹುಸಿ ಭರವಸೆ ಇಲ್ಲಿಲ್ಲ. ತಪ್ಪಾದಾಗ ಪಕ್ಕದವರಿಗೆ ತಾಗದಿರಲಿ ಎಂಬ ಪ್ರಾಮಾಣಿಕ ಲೆಕ್ಕಾಚಾರ ಇದೆ.

ಈ ಭಾಷೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲಿನ ಕೋಡ್ ಇದ್ದ ಸ್ವಿಚ್ಚನ್ನು ಎರಿಕ್ಸನ್ ಮಾರಿತು. ಆದರೆ 1998ರಲ್ಲಿ ಅದೇ ಕಂಪನಿಯ ರೇಡಿಯೋ ವಿಭಾಗ ಹೊಸ ಉತ್ಪನ್ನಗಳಿಗೆ ಎರ್ಲಾಂಗ್ ಬಳಸಕೂಡದು ಅಂತ ನಿಷೇಧ ಹೇರಿತು. ಎಲ್ಲರೂ ಬಳಸುವ ಭಾಷೆಯೇ ಬೇಕು ಎಂಬುದು ಆಡಳಿತದ ವಾದ. ಅದೇ ವರ್ಷದ ಕೊನೆಗೆ ಎರ್ಲಾಂಗ್ ಓಪನ್ ಸೋರ್ಸ್ ಆಯಿತು. ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು ಕೆಲಸ ಬಿಟ್ಟು ಹೊರಬಂದರು. ಕಂಪನಿಗೆ ಬೇಡವಾಗಿದ್ದ ಭಾಷೆ ಲೋಕದ ಸೊತ್ತಾಯಿತು.

ಮುಂದಿನದ್ದು ನಿಮಗೆ ಗೊತ್ತಿರುವ ಕಥೆ. ಅದರ ಮೇಲೆ ನಿಂತ ವಾಟ್ಸ್‌ಆ್ಯಪ್, 2012ರ ಆರಂಭದಲ್ಲಿ ಒಂದೇ ಸರ್ವರ್‌ನಲ್ಲಿ 20 ಲಕ್ಷ ಸಂಪರ್ಕ ಹಿಡಿದಿಟ್ಟುಕೊಂಡಿರುವುದಾಗಿ ಪ್ರಕಟಿಸಿತು. 2014ರಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿದಾಗ 45 ಕೋಟಿ ಬಳಕೆದಾರರಿದ್ದರು, ಇಂಜಿನಿಯರ್‌ಗಳು ಕೇವಲ 32. ಎಲ್ಲ ಶ್ರೇಯಸ್ಸು ಭಾಷೆಗೇ ಸೇರಬೇಕಿಲ್ಲ. ಆದರೆ 'ಎಲ್ಲರೂ ಬಳಸುವುದಿಲ್ಲ, ಆದ್ದರಿಂದ ಬೇಡ' ಎಂಬ ತರ್ಕ ಎಷ್ಟು ಪೊಳ್ಳು ಅನ್ನುವುದಕ್ಕೆ ಇಷ್ಟು ಸಾಕು.

ಆಮೇಲೆ ದೊಡ್ಡ ಭಾಷೆಗಳೂ ಈ ಕಡೆ ವಾಲಿದವು. 2014ರಲ್ಲಿ ಜಾವಾ ತನ್ನ 8ನೇ ಆವೃತ್ತಿಯಲ್ಲಿ ಲ್ಯಾಂಬ್ಡಾಗಳನ್ನು ತಂದಿತು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಬೇರೆ ದಾರಿ ಹಿಡಿಯಿತು: ಬದಲಾಯಿಸಿ, ಆದರೆ ಒಂದು ಸಮಯಕ್ಕೆ ಒಬ್ಬರು ಮಾತ್ರ. ಇಬ್ಬರ ಕೈಗೆ ಕೊಟ್ಟಿದ್ದರೆ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ.

ಆಟೋ ಸ್ಟ್ಯಾಂಡಿನಲ್ಲಿ ಹ್ಯಾಸ್ಕೆಲ್

ಬೆಂಗಳೂರಿಗೂ ಈ ಕಥೆಯಲ್ಲಿ ನಿಜವಾದ ಪಾತ್ರವಿದೆ. ಹ್ಯಾಸ್ಕೆಲ್ ಎಂಬುದು ಫಂಕ್ಷನಲ್ ಭಾಷೆಗಳಲ್ಲೇ ಅತ್ಯಂತ ಮಡಿವಂತ ಭಾಷೆ. ಲೆಕ್ಕ ಮಾಡುವ ಕೋಡ್ ಯಾವುದು, ಹೊರಜಗತ್ತನ್ನು ಮುಟ್ಟುವ ಕೋಡ್ ಯಾವುದು ಎಂದು ಬೇರೆ ಬೇರೆಯಾಗಿ ಗುರುತು ಹಾಕಿಸುತ್ತದೆ. ಇಲ್ಲಿನ ಪಾವತಿ ಕಂಪನಿ ಜಸ್‌ಪೇ ಇದನ್ನು ವ್ಯಾಪಕವಾಗಿ ಬಳಸುತ್ತದೆ. ಆಟೋ ರಿಕ್ಷಾ ಡ್ರೈವರ್ಸ್ ಯೂನಿಯನ್ ಜೊತೆ ಸೇರಿ 2022ರ ನವೆಂಬರ್‌ನಲ್ಲಿ ಅದು ತಂದ 'ನಮ್ಮ ಯಾತ್ರಿ' ಆ್ಯಪ್‌ನ ಬ್ಯಾಕ್‌ಎಂಡ್ ಕೂಡ ಹ್ಯಾಸ್ಕೆಲ್‌ನಲ್ಲಿದೆ.

ಆಟೋ ಬುಕಿಂಗ್ ಕನ್ಕರೆನ್ಸಿಯ ಪಕ್ಕಾ ಉದಾಹರಣೆ. ಮೆಜೆಸ್ಟಿಕ್‌ನಲ್ಲಿ ಮಳೆ ಬರುತ್ತಿದೆ. ಒಂದು ಸವಾರಿಗೆ ಹತ್ತು ಚಾಲಕರು ಒಂದೇ ಸಲ ಬೆರಳು ಒತ್ತುತ್ತಾರೆ, ಸವಾರಿ ಒಬ್ಬರಿಗೇ ಸಿಗಬೇಕು. ಇಬ್ಬರಿಗೆ ಸಿಕ್ಕಿತು ಅಂತ ತೋರಿಸಿದರೆ ಒಬ್ಬರ ಪೆಟ್ರೋಲು, ಸಮಯ ದಂಡ.

ನಮ್ಮ ಯಾತ್ರಿ ಕಮಿಷನ್ ಹಿಡಿಯುವುದಿಲ್ಲ ಎಂಬ ಕಾರಣಕ್ಕೆ ಸುದ್ದಿಯಾಯಿತು. 2023ರಲ್ಲಿ ಚಾಲಕರಿಂದ ದಿನಕ್ಕೆ 25 ರೂಪಾಯಿಯ ಶುಲ್ಕದ ಮಾದರಿ ತಂದಿತು. ಅಷ್ಟು ಸುದ್ದಿಯಾಗದೆ ಹೋದ ಇನ್ನೊಂದು ಸಂಗತಿ: ಅದರ ಕೋಡ್ ಓಪನ್ ಸೋರ್ಸ್. ಸವಾರಿ ಯಾರಿಗೆ, ಹೇಗೆ ಹಂಚಿಕೆಯಾಗುತ್ತದೆ ಎಂದು ಬರೆದಿರುವ ಸಾಲುಗಳನ್ನು ಯಾರು ಬೇಕಾದರೂ ಓದಬಹುದು. ಖಾಸಗಿ ಕಂಪನಿ ಹುಟ್ಟುಹಾಕಿದ ಆಟೋ ಆ್ಯಪ್‌ಗೆ ಇದು ಸಾಧ್ಯವಾದರೆ, ನಮ್ಮ ತೆರಿಗೆಯಲ್ಲಿ ಕಟ್ಟಿದ ವ್ಯವಸ್ಥೆಗಳಿಗೆ ಯಾಕೆ ಆಗುವುದಿಲ್ಲ?

ಮಂತ್ರದಂಡ ಅಲ್ಲ

ಇಷ್ಟು ಹೇಳಿ, ಫಂಕ್ಷನಲ್ ಪ್ರೋಗ್ರಾಮಿಂಗ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದರೆ ಅದು ಭಕ್ತಿಯಾದೀತು. ಬ್ಯಾಂಕ್ ಬ್ಯಾಲೆನ್ಸ್ ಬದಲಾಗಲೇಬೇಕು, ಸೀಟು ಭರ್ತಿಯಾಗಲೇಬೇಕು. ಜಗತ್ತು ಬದಲಾಗುವುದನ್ನು ಯಾವ ಭಾಷೆಯೂ ನಿಲ್ಲಿಸುವುದಿಲ್ಲ. ಈ ಶೈಲಿ ಮಾಡುವುದು ಇಷ್ಟೇ: ಬದಲಾವಣೆ ನಡೆಯುವ ಜಾಗಗಳನ್ನು ಕಡಿಮೆ ಮಾಡಿ, ಅವು ಎಲ್ಲಿವೆ ಅಂತ ಕಾಣುವಂತೆ ಮಾಡುತ್ತದೆ. ನಡುವೆ ನೆಟ್‌ವರ್ಕ್ ಕಡಿದುಹೋದರೆ, ಹಣ ಹೋಯಿತೇ ಇಲ್ಲವೇ ಎಂದು ಹ್ಯಾಸ್ಕೆಲ್‌ಗೂ ತಾನಾಗಿ ಗೊತ್ತಾಗುವುದಿಲ್ಲ. ಎರ್ಲಾಂಗ್‌ನ ಪ್ರೊಸೆಸ್‌ಗಳೂ ಒಂದಕ್ಕೊಂದು ಉತ್ತರಕ್ಕೆ ಕಾಯುತ್ತಾ ನಿಂತುಬಿಡಬಹುದು. ಬಲ್ಲ ಇಂಜಿನಿಯರ್‌ಗಳು ಸಿಗುವುದೂ ಕಷ್ಟ.

ಹಾಗಾಗಿ ಎಲ್ಲರೂ ಹ್ಯಾಸ್ಕೆಲ್ ಕಲಿಯಿರಿ ಎಂಬುದು ಈ ಲೇಖನದ ಬೇಡಿಕೆ ಅಲ್ಲ. ಈ ಭಾಷೆಗಳು ಎತ್ತಿದ ಪ್ರಶ್ನೆಯನ್ನು ನಾವು ಹೊರಗೆ ತರಬೇಕು. ಹಂಚಿಕೊಂಡ ದಾಖಲೆ ಎಲ್ಲಿ ಬದಲಾಗುತ್ತದೆ? ಗುರುತು ಉಳಿಯುತ್ತದೆಯೇ? ತಪ್ಪಾದರೆ ಹೊರೆ ಹೊರುವವರು ಯಾರು?

ಕೊನೆಯ ಪ್ರಶ್ನೆಗೆ ಅತ್ಯಂತ ಕಹಿ ಉತ್ತರ ಬ್ರಿಟನ್ನಿನಲ್ಲಿದೆ. ಅಲ್ಲಿನ ಅಂಚೆ ಇಲಾಖೆ ಬಳಸುತ್ತಿದ್ದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಹಣ ಕಡಿಮೆ ಇದೆ ಅಂತ ತೋರಿಸಿದ್ದನ್ನೇ ನಂಬಿ, 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಅಂಚೆ ಕಚೇರಿ ನಡೆಸುವವರನ್ನು ಕಳ್ಳರು, ವಂಚಕರು ಎಂದು ದೋಷಿಗಳನ್ನಾಗಿ ಮಾಡಲಾಯಿತು. ಅಲ್ಲಿದ್ದದ್ದು ರೇಸ್ ಕಂಡೀಶನ್ ಒಂದೇ ಅಲ್ಲ, ಹಲವು ಬಗೆಯ ದೋಷಗಳು. 2019ರಲ್ಲಿ ಹೈಕೋರ್ಟ್ ಆ ದೋಷಗಳನ್ನು ಒಪ್ಪಿಕೊಂಡಿತು. ತಯಾರಿಸಿದ ಫುಜಿತ್ಸು ಕಂಪನಿಯವರು ಕಚೇರಿಯವರಿಗೆ ಗೊತ್ತಿಲ್ಲದಂತೆ ದೂರದಿಂದಲೇ ಅವರ ಲೆಕ್ಕ ಬದಲಾಯಿಸಬಹುದಾಗಿತ್ತು ಎಂಬುದೂ ಸಾಬೀತಾಯಿತು. ಗುರುತಿಲ್ಲದ ಮ್ಯುಟೇಶನ್! 2024ರಲ್ಲಿ ಸಂಸತ್ತು ವಿಶೇಷ ಕಾಯ್ದೆ ತಂದು ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ಅಷ್ಟರಲ್ಲಿ ಜೈಲು ಕಂಡವರು, ಮನೆ ಮಾರಿದವರು, ಜೀವ ಕಳೆದುಕೊಂಡವರು ಇದ್ದರು.

ನಮ್ಮಲ್ಲಿ? ಯುಪಿಐನಲ್ಲಿ ಒಬ್ಬರ ಖಾತೆಯಿಂದ ಹಣ ಕಡಿತವಾಗಿ ಇನ್ನೊಬ್ಬರಿಗೆ ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ ಹೇಳಿದೆ. ಒಳ್ಳೆಯ ನಿಯಮ. ತಪ್ಪು ಆಗುತ್ತದೆ ಎಂದು ಒಪ್ಪಿಕೊಂಡು, ಹೊರೆಯನ್ನು ವ್ಯವಸ್ಥೆಯ ಮೇಲೆ ಹಾಕುತ್ತದೆ. ಇದೇ ತತ್ವ ರೇಷನ್ ಅಂಗಡಿಯ ಬೆರಳಚ್ಚು ಯಂತ್ರಕ್ಕೆ, ಪಿಂಚಣಿಗೆ, ನರೇಗಾ ಹಾಜರಾತಿಗೆ ಯಾಕೆ ಬೇಡ? ಅಲ್ಲಿ ಪರದೆ 'ಇಲ್ಲ' ಎಂದರೆ ಜನ ಸುಮ್ಮನೆ ಮನೆಗೆ ನಡೆಯಬೇಕು. ಕೋಡ್ ತೋರಿಸಿ ಅಂತ ಆರ್‌ಟಿಐ ಹಾಕಿದರೆ, ವಾಣಿಜ್ಯ ಗೌಪ್ಯತೆಯ ಹೆಸರಿನ ಸೆಕ್ಷನ್ 8(1)(ಡಿ) ಅಡ್ಡ ನಿಲ್ಲಬಹುದು. ಸರ್ಕಾರಿ ವ್ಯವಸ್ಥೆಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಎಂಬ ಕೇಂದ್ರದ ನೀತಿ 2015ರಿಂದಲೇ ಕಾಗದದ ಮೇಲಿದೆ.

ಕೇಳಬೇಕಾದ್ದು ಮೂರೇ. ಜನರ ಹಣ, ಜಮೀನು, ಅನ್ನ ನಿರ್ಧರಿಸುವ ಸಾಫ್ಟ್‌ವೇರ್‌ನ ಕೋಡ್ ಸಾರ್ವಜನಿಕವಾಗಿರಲಿ. ಹಳೆಯ ಸಾಲನ್ನು ಯಾರೂ ಗುರುತಿಲ್ಲದೆ ಅಳಿಸಲಾಗದ ದಾಖಲೆ ಪದ್ಧತಿ ಟೆಂಡರ್‌ನ ಷರತ್ತಾಗಲಿ. ಯಂತ್ರಕ್ಕೂ ಮನುಷ್ಯರಿಗೂ ಮಾತು ಬೇರೆಯಾದಾಗ, ತಾನು ಸರಿ ಎಂದು ತೋರಿಸುವ ಹೊಣೆ ಯಂತ್ರ ಇಟ್ಟವರದ್ದಾಗಲಿ.

ಇದರಲ್ಲಿ ಯಾವುದಕ್ಕೂ ಹ್ಯಾಸ್ಕೆಲ್ ಬಲ್ಲವರೇ ಆಗಬೇಕಿಲ್ಲ. ಪಹಣಿಯಲ್ಲಿ ತನ್ನ ಹೆಸರು ಹೇಗೆ ಹೋಯಿತು ಅಂತ ನಾಡಕಚೇರಿಯ ಕಿಟಕಿಯಲ್ಲಿ ಕೇಳುವ ರೈತ ಮಹಿಳೆ ಕೇಳುತ್ತಿರುವುದೂ ಇದನ್ನೇ. ಆ ಪ್ರಶ್ನೆಯನ್ನು ಸರ್ವರ್ ರೂಮಿನವರೆಗೆ ಒಯ್ಯುವ ಕೆಲಸ ಕೋಡ್ ಓದಬಲ್ಲ ನಮ್ಮ ತಲೆಮಾರಿನದ್ದು.